ಚರ್ಮದ ಡಾಕ್ಟರ ಲೆಕ್ಕ ಯಾರು ಬೇಕಾದರೂ ನೋಡಬಹುದು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ 65 ದಾಟಿದವರಿಗೆ ಸರ್ಕಾರದ ಮೆಡಿಕೇರ್ ವಿಮೆ ಇದೆ. ಅದರಿಂದ ಯಾವ ಡಾಕ್ಟರಿಗೆ ಯಾವ ಚಿಕಿತ್ಸೆಗೆ ಎಷ್ಟು ಹಣ ಹೋಯಿತು ಎಂಬುದನ್ನು 2014ರಿಂದ ಹೆಸರು ಸಮೇತ ಪ್ರಕಟಿಸುತ್ತಿದ್ದಾರೆ. ಔಷಧ ಕಂಪನಿಗಳು ಡಾಕ್ಟರಿಗೆ ಕೊಡಿಸಿದ ಊಟ, ಪ್ರಯಾಣ, ಭಾಷಣದ ಸಂಭಾವನೆ ‘ಓಪನ್ ಪೇಮೆಂಟ್ಸ್’ ತಾಣದಲ್ಲಿ ಸಿಗುತ್ತವೆ. ಅಲ್ಲಿರುವ ನಮ್ಮ ಕನ್ನಡಿಗರು ಇದನ್ನು ಖಂಡಿತ ಬಳಸಬೇಕು.

ಆದರೆ ಓದುವಾಗ ಎಚ್ಚರ ಬೇಕು. ಚರ್ಮದ ಡಾಕ್ಟರು ಬಿಸಿಲಿನಿಂದಾದ ಒರಟು ಕಲೆಗಳನ್ನು ಅತಿ ತಣ್ಣನೆಯ ದ್ರವ ನೈಟ್ರೋಜನ್‌ನಿಂದ ಸುಟ್ಟರೆ, ಒಬ್ಬರ ಮೈಮೇಲಿನ ಒಂದೊಂದು ಕಲೆಯೂ ಬೇರೆ ಲೆಕ್ಕವಾಗಬಹುದು. ಸಂಖ್ಯೆ ಜಾಸ್ತಿ ಕಂಡಿತೆಂದು ಸುಮ್ನೆ ಮೋಸ ಎನ್ನಬಾರದು. ಸೌಂದರ್ಯಕ್ಕೆ ಹಾಕುವ ಬೊಟಾಕ್ಸ್, ಖಾಸಗಿ ವಿಮೆಯ ರೋಗಿಗಳು ಮೆಡಿಕೇರ್ ಲೆಕ್ಕದಲ್ಲಿ ಬರುವುದೇ ಇಲ್ಲ. ಹತ್ತು ಅಥವಾ ಅದಕ್ಕಿಂತ ಕಡಿಮೆ ರೋಗಿಗಳಿಗೆ ಮಾಡಿದ ಚಿಕಿತ್ಸೆಯನ್ನೂ ಗೌಪ್ಯತೆಗಾಗಿ ತೋರಿಸುವುದಿಲ್ಲ. ಕಂಪನಿಯ ಹಣ ಪಡೆದವರೆಲ್ಲ ಕೆಟ್ಟವರಲ್ಲ, ಸಂಶೋಧನೆಯ ಹಣವೂ ‘ಓಪನ್ ಪೇಮೆಂಟ್ಸ್’ನಲ್ಲಿ ಇರುತ್ತದೆ. ಆದರೆ ಸೋರಿಯಾಸಿಸ್‌ಗೆ ದುಬಾರಿ ಇಂಜೆಕ್ಷನ್ ಬರೆದುಕೊಟ್ಟಾಗ, ಅದೇ ಕಂಪನಿಯಿಂದ ಡಾಕ್ಟರಿಗೆ ಭಾಷಣದ ಹಣ ಬಂದಿದೆಯಾ ಎಂದು ಕೇಳುವ ಹಕ್ಕು ರೋಗಿಗೆ ಬೇಕು ಅಲ್ವಾ? ನನಗೆ ಇದೇ ಮುಖ್ಯ ಅನ್ನಿಸುತ್ತದೆ.

ನಮ್ಮಲ್ಲಿ 2024ರಲ್ಲಿ ಕೇಂದ್ರ ಸರ್ಕಾರ ಔಷಧ ಕಂಪನಿಗಳಿಗೆ ಹೊಸ ಸಂಹಿತೆ ತಂದು, ಡಾಕ್ಟರಿಗೆ ಉಡುಗೊರೆ ಕೊಡಬಾರದು ಎಂದಿತು. ಆದರೆ ರೋಗಿ ತನ್ನ ಡಾಕ್ಟರ ಹೆಸರು ಹಾಕಿ ನೋಡುವ ತಾಣ ಇಲ್ಲ. ಅದನ್ನು ಕಾನೂನಿನ ಮೂಲಕವೇ ತರಬೇಕೆಂದು ನಮ್ಮ ಸಂಸದರು ಲೋಕಸಭೆಯಲ್ಲಿ ಒತ್ತಾಯಿಸಲಿ.

– ಒಬ್ಬ ಓದುಗ, ಮೈಸೂರು