ಬೋಗಿಯಿಂದ ಇಳಿಯಬೇಡಿ: ಸೆರೆಯ ಕಾದಂಬರಿ ಬರೆಯುತ್ತಿರುವವರಿಗೊಂದು ಪತ್ರ

ಪ್ರಿಯ ಗೆಳೆಯರೇ,

ನಿಮ್ಮ ಕರಡು ಬಂಧನದಿಂದ ಬಿಡುಗಡೆಯವರೆಗೆ ತಾರೀಖಿನ ಪ್ರಕಾರ ಸಾಗುತ್ತದೆ, ಪುಟಕ್ಕೊಂದು ಹಿಂಸೆ. ಮೂರನೇ ಅಧ್ಯಾಯದ ಹೊತ್ತಿಗೆ ಓದುವವರ ಮನಸ್ಸು ಜಡ್ಡುಗಟ್ಟುತ್ತದೆ. ಮಾಹಿತಿ ಸರಿಯಾಗಿದೆ, ಕಾಲವನ್ನು ಹಿಡಿದ ರೀತಿ ಸರಿಯಿಲ್ಲ. ಮತ್ತೆ ಬರೆಯುವ ಮುನ್ನ ನಾಜಿ ಶಿಬಿರದಲ್ಲಿ ಕೈದಿಯಾಗಿದ್ದ ಸ್ಪೇನಿನ ಲೇಖಕ ಹೋರ್ಹೆ ಸೆಂಪ್ರೂನ್‌ನನ್ನು ಓದಿ.

1923ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿ, ಸ್ಪೇನಿನ ಅಂತರ್ಯುದ್ಧದಿಂದಾಗಿ ದೇಶ ಬಿಟ್ಟು ಪ್ಯಾರಿಸ್ ಸೇರಿದವನು. ನಾಜಿ ಆಕ್ರಮಣದ ವಿರುದ್ಧ ಫ್ರಾನ್ಸಿನ ಪ್ರತಿರೋಧ ಚಳವಳಿಯಲ್ಲಿದ್ದಾಗ 1943ರಲ್ಲಿ ಸಿಕ್ಕಿಬಿದ್ದ. 1944ರ ಜನವರಿಯಲ್ಲಿ ಜರ್ಮನಿಯ ವೈಮಾರ್ ಪಕ್ಕದ ಬೂಖೆನ್‌ವಾಲ್ಡ್ ನಾಜಿ ಶಿಬಿರ, ಕೈದಿ ಸಂಖ್ಯೆ 44904. ಶಿಬಿರ ಬಿಡುಗಡೆಯಾದದ್ದು 1945ರ ಏಪ್ರಿಲ್ 11ರಂದು. ಮೊದಲ ಕಾದಂಬರಿ 'ದೀರ್ಘ ಪ್ರಯಾಣ' ಬಂದದ್ದು 1963ರಲ್ಲಿ. ನಡುವೆ ಬರೆಯಲು ಕೂತಾಗಲೆಲ್ಲ ನೆನಪು ಅವನನ್ನು ಸಾವಿನ ಕಡೆಗೇ ಎಳೆಯುತ್ತಿತ್ತು, ಬಿಟ್ಟುಬಿಟ್ಟ. ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯ ಮ್ಯಾಡ್ರಿಡ್‌ನಲ್ಲಿ ಕಮ್ಯುನಿಸ್ಟ್ ಪಕ್ಷಕ್ಕಾಗಿ ಗುಟ್ಟಾಗಿ ದುಡಿಯುತ್ತಿದ್ದಾಗ, ಆಶ್ರಯ ಕೊಟ್ಟ ಮನೆಯವನೊಬ್ಬ ತಾನು ಮೌಟ್‌ಹೌಸನ್ ಎಂಬ ಇನ್ನೊಂದು ನಾಜಿ ಶಿಬಿರದಲ್ಲಿ ಪಟ್ಟ ಪಾಡನ್ನು ಹೇಳುತ್ತಿದ್ದ. ಎಲ್ಲವೂ ನಿಜ, ಎಲ್ಲವೂ ಕಲಸುಮೇಲೋಗರ. ಗುರುತು ಮರೆಸಿಕೊಂಡಿದ್ದ ಸೆಂಪ್ರೂನ್‌ಗೆ 'ನಾನೂ ಅಂಥಲ್ಲಿದ್ದೆ' ಎನ್ನುವಂತಿರಲಿಲ್ಲ. ಕಂಡದ್ದು ನಿಜವಾದ ಮಾತ್ರಕ್ಕೆ ಕೇಳುವವರಿಗೆ ದಾಟುವುದಿಲ್ಲ ಎಂಬುದು ಅವನಿಗೆ ಅಲ್ಲಿ ಮನದಟ್ಟಾಯಿತು.

'ದೀರ್ಘ ಪ್ರಯಾಣ'ದ ಕಟ್ಟೋಣ ನೋಡಿ. ಕೈದಿಗಳನ್ನು ಶಿಬಿರಕ್ಕೆ ಒಯ್ಯುವ ಮುಚ್ಚಿದ ಗೂಡ್ಸ್ ಬೋಗಿ, ಒಳಗೆ 120 ಮಂದಿ, ಕೂರಲೂ ಜಾಗವಿಲ್ಲ. ನಿರೂಪಕ ಹಗಲು ರಾತ್ರಿಗಳನ್ನು ಎಣಿಸಲು ಹೋಗುತ್ತಾನೆ, ಲೆಕ್ಕ ತಾಳೆಯಾಗುವುದಿಲ್ಲ. ಆ ತಪ್ಪಿದ ಲೆಕ್ಕದಿಂದಲೇ ಕಾಲ ಸಡಿಲಗೊಂಡು, ಬಾಲ್ಯ, ಪ್ರತಿರೋಧದ ದಿನಗಳು, ಬಿಡುಗಡೆಯ ನಂತರದ ವಸಂತ ಎಲ್ಲ ಬೋಗಿಯೊಳಗೆ ನುಗ್ಗಿಬರುತ್ತವೆ. ಎಷ್ಟು ದೂರ ಹೋದರೂ ಮತ್ತೆ ಆ ಮೈಗಳ ಒತ್ತಡಕ್ಕೇ ಮರಳುತ್ತಾನೆ. ನೀವೂ ಹಾಗೆಯೇ ಒಂದು ಇಕ್ಕಟ್ಟಿನ ಜಾಗ, ಕೆಲವೇ ದಿನ ಆರಿಸಿಕೊಳ್ಳಿ. ಹಿಂದೆ ಮುಂದೆ ಜಿಗಿಯುವಾಗ 'ಆಗ ನೆನಪಾಯಿತು' ಎಂದು ಬರೆಯಬೇಡಿ. ಒಂದು ವಾಸನೆ, ಒಂದು ಸದ್ದು, ಮರಗಟ್ಟಿದ ಕಾಲು, ಅಷ್ಟು ಸಾಕು. ಕೊನೆಯ ಚಿಕ್ಕ ಭಾಗ ಇನ್ನೂ ದೊಡ್ಡ ಪಾಠ. ಶಿಬಿರದ ಬಾಗಿಲಿಗೆ ಬರುತ್ತಿದ್ದಂತೆ 'ನಾನು' ಹೋಗಿ 'ಅವನು' ಬರುತ್ತಾನೆ. ಮನುಷ್ಯನಿಂದ ಅವನ 'ನಾನು' ಕಿತ್ತುಕೊಂಡದ್ದನ್ನು ಲೇಖಕ ವಿವರಿಸುವುದೇ ಇಲ್ಲ, ಸರ್ವನಾಮ ಬದಲಿಸುತ್ತಾನೆ.

ಬೋಗಿಯಲ್ಲಿ ಪಕ್ಕಕ್ಕೆ ನಿಂತು ಮಾತಾಡುವ ಸೆಮ್ಯೂರ್ ಊರಿನ ಹುಡುಗ ಕಲ್ಪಿತ. ಆ ಪ್ರಯಾಣವನ್ನು ಇನ್ನೊಮ್ಮೆ ಒಬ್ಬನೇ ಮಾಡಲಾರದೆ ಜೊತೆಗಾರನನ್ನು ಸೃಷ್ಟಿಸಿಕೊಂಡೆ ಎಂದು ಸೆಂಪ್ರೂನ್ ಮುಂದೆ ತಾನೇ ಹೇಳಿದ. ಇಂಥ ಕಲ್ಪನೆ ಧಾರಾಳವಾಗಿ ಇರಲಿ. ಆದರೆ ಶಿಬಿರದ ಹೆಸರು, ತಾರೀಖು, ಸತ್ತವರ ಲೆಕ್ಕ ಮುಟ್ಟಬೇಡಿ. ಅವುಗಳಲ್ಲಿ ಒಂದು ಸುಳ್ಳು ಸಿಕ್ಕರೂ, ಶಿಬಿರಗಳ ಕ್ರೌರ್ಯ ನಡೆದೇ ಇಲ್ಲ ಎನ್ನುವವರು ಇಡೀ ಪುಸ್ತಕವನ್ನೇ ಅಲ್ಲಗಳೆಯುತ್ತಾರೆ.

ನಿಮ್ಮ ನಾಯಕ ತೀರ ನಿಷ್ಕಳಂಕ. ಸೆಂಪ್ರೂನ್ ಶಿಬಿರದಲ್ಲಿ ಕೈದಿಗಳನ್ನು ಕೆಲಸಕ್ಕೆ ಹಂಚುವ ಕಚೇರಿಯಲ್ಲಿದ್ದ. ಕೈದಿಗಳ ಭೂಗತ ಸಂಘಟನೆ ತನ್ನವನೊಬ್ಬನನ್ನು ಇನ್ನೂ ಕಠಿಣ ಶಿಬಿರಗಳಿಗೆ ಕಳಿಸುವ ಸಾಗಣೆಯ ಪಟ್ಟಿಯಿಂದ ತಪ್ಪಿಸಿದರೆ ಆ ಜಾಗಕ್ಕೆ ಇನ್ನೊಬ್ಬನ ಸಂಖ್ಯೆ ಬೀಳುತ್ತಿತ್ತು. ಪ್ರತಿರೋಧವನ್ನು ಬರೆಯುವುದೆಂದರೆ ಆ ಇನ್ನೊಬ್ಬನನ್ನೂ ಬರೆಯುವುದು. 1964ರಲ್ಲಿ ಪಕ್ಷ ಅವನನ್ನು ಹೊರಹಾಕಿತು. 1980ರ 'ಎಂಥ ಸುಂದರ ಭಾನುವಾರ'ದಲ್ಲಿ ಅವನು ಬೂಖೆನ್‌ವಾಲ್ಡನ್ನು ಸೋವಿಯತ್ ಶಿಬಿರಗಳ ಬೆಳಕಿನಲ್ಲಿ ಮತ್ತೆ ನೋಡಿದ. ಅದೇ ಜಾಗವನ್ನು ಸೋವಿಯತ್ ಆಡಳಿತ 1945ರಿಂದ 1950ರವರೆಗೆ ಸೆರೆಶಿಬಿರವಾಗಿ ಬಳಸಿತ್ತು.

ನೆನಪನ್ನು ದಾಖಲೆಯೊಂದಿಗೆ ಹೋಲಿಸುವುದನ್ನು ಮರೆಯಬೇಡಿ. ಶಿಬಿರಕ್ಕೆ ಬಂದ ರಾತ್ರಿ ಕಸುಬು ಕೇಳಿದ ಜರ್ಮನ್ ಕೈದಿಗೆ ಸೆಂಪ್ರೂನ್ 'ವಿದ್ಯಾರ್ಥಿ' ಎಂದಿದ್ದ. ಅದು ಕಸುಬಲ್ಲ ಎಂದು ಆ ಕೈದಿ ವಾದಿಸಿದ್ದ. ಕೊನೆಗೆ ಆ ಕೈದಿ 'ವಿದ್ಯಾರ್ಥಿ' ಎಂದೇ ಬರೆದುಕೊಂಡ ಎಂದು ಸೆಂಪ್ರೂನ್ ದಶಕಗಳ ಕಾಲ ನಂಬಿದ್ದ. 1992ರಲ್ಲಿ ಅಲ್ಲಿಗೆ ಮರಳಿದಾಗ ಗೊತ್ತಾಯಿತು, ಚೀಟಿಯಲ್ಲಿದ್ದದ್ದು 'ಗಾರೆ ಅಲಂಕಾರದ ಕೆಲಸಗಾರ' ಎಂದು. ಕುಶಲಕರ್ಮಿ ಎನಿಸಿಕೊಂಡವನು ಬದುಕುವ ಸಾಧ್ಯತೆ ಹೆಚ್ಚಿತ್ತು. 'ಬರವಣಿಗೆ ಅಥವಾ ಬದುಕು' ಪುಸ್ತಕದಲ್ಲಿ ಅವನು ಹಳೆಯ ನಂಬಿಕೆ, ಹೊಸ ಚೀಟಿ ಎರಡನ್ನೂ ಇಟ್ಟಿದ್ದಾನೆ. ನಿಮ್ಮ ಐದನೇ ಅಧ್ಯಾಯದಲ್ಲಿ ಕಡತದೊಂದಿಗೆ ತಾಳೆಯಾಗದ ನೆನಪನ್ನು ಅಳಿಸಿದ್ದೀರಿ. ಅದನ್ನು ವಾಪಸು ತನ್ನಿ, ಕಡತದ ಪಕ್ಕದಲ್ಲೇ ಇಡಿ.

ವಿಶ್ವಾಸದಿಂದ,
ನಿಮ್ಮ ಹಿರಿಯ ಗೆಳೆಯ