ಹಳೆಯ ಕಾರಿನ ಕೆಳಗೆ ನುಸುಳುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಫೋಕ್ಸ್‌ವ್ಯಾಗನ್ ಬೀಟಲ್, ವಿಲ್ಲಿಸ್ ಜೀಪು ಇಂಥ ಗಾಡಿಗಳನ್ನು ಅಕ್ಕರೆಯಿಂದ ಉಳಿಸಿಕೊಂಡು, ಸಣ್ಣಪುಟ್ಟ ರಿಪೇರಿಯನ್ನು ಮನೆಯಂಗಳದಲ್ಲೇ ಮಾಡಿಕೊಳ್ಳುವವರು ನಮ್ಮ ಊರುಗಳಲ್ಲಿ ಬಹಳ ಜನ ಇದ್ದಾರೆ. ಇದೇ ಗಾಡಿಗಳ ಕೆಲಸ ಮಾಡುವ ನಾವು ಅವರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬೇಕಿದೆ. ಜಾಕಿ ಇರುವುದು ಗಾಡಿ ಎತ್ತುವುದಕ್ಕೆ. ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಕೆಲಸ ಅದರ ಕೆಳಗಿಡುವ ಕಬ್ಬಿಣದ ಸ್ಟ್ಯಾಂಡಿನದು. ಬಿಡಿಭಾಗದ ಅಂಗಡಿಯಲ್ಲಿ ಜಾಕಿ ಕೇಳಿದರೆ ಜಾಕಿ ಕೊಡುತ್ತಾರೆ, ಸ್ಟ್ಯಾಂಡ್ ಬೇಕೇ ಎಂದು ಕೇಳುವವರು ಕಡಿಮೆ. ಮನೆಗೆ ಬಂದ ಮೇಲೆ ಸ್ಟ್ಯಾಂಡಿನ ಜಾಗಕ್ಕೆ ಇಟ್ಟಿಗೆ, ಹಾಲೋ ಬ್ಲಾಕ್, ಸೈಜುಗಲ್ಲು ಬಂದು ಕೂರುತ್ತವೆ.

ಹಾಲೋ ಬ್ಲಾಕ್ ಗೋಡೆಯಲ್ಲಿದ್ದಾಗ ಭಾರ ಅದರ ಮೈಮೇಲೆಲ್ಲ ಹರಡಿಕೊಂಡಿರುತ್ತದೆ. ಅದೇ ಬ್ಲಾಕಿನ ಮೇಲೆ ಆಕ್ಸಲ್ (ಚಕ್ರಗಳ ಅಚ್ಚು) ಎರಡು ಬೆರಳಗಲದಲ್ಲಿ ಕೂತರೆ ಬಿರುಕನ್ನೂ ತೋರಿಸದೆ ಒಮ್ಮೆಲೇ ಪುಡಿಯಾಗುತ್ತದೆ. ಸೈಜುಗಲ್ಲು ಸುಲಭಕ್ಕೆ ಒಡೆಯುವುದಿಲ್ಲ, ನಿಜ. ಆದರೆ ಒಂದರ ಮೇಲೊಂದು ಇಟ್ಟ ಕಲ್ಲು ಜಾರುತ್ತದೆ, ಕಲ್ಲಿನ ಮೇಲಿನ ಕಬ್ಬಿಣವೂ ಜಾರುತ್ತದೆ. ನಟ್ಟಿಗೆ ಪಾನಾ ಹಾಕಿ ಒಂದು ಸಲ ಜೋರಾಗಿ ಎಳೆದರೆ ಸಾಕು.

ಅಂಬಾಸಿಡರ್ ಹೆಚ್ಚುಕಡಿಮೆ 1,100 ಕಿಲೋ ತೂಗುತ್ತದೆ, ಪದ್ಮಿನಿ 900 ಕಿಲೋ ಆಸುಪಾಸು. ಒಂದು ಮೂಲೆ ಎತ್ತುವಾಗ ಜಾಕಿಯ ಮೇಲೆ ಬೀಳುವುದು ಇದರ ಕಾಲು ಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗ. ಆದರೂ 2 ಟನ್ನಿನ ಜಾಕಿಯನ್ನೇ ಕೊಳ್ಳಬೇಕು. ಮುಂಭಾಗವನ್ನು ಪೂರ್ತಿ ಎತ್ತುವಾಗ ಭಾರ ಅರ್ಧ ದಾಟುತ್ತದೆ, ಒಳಗಿನ ರಬ್ಬರ್ ಸೀಲು ಸವೆದ ಮೇಲೂ ಜಾಕಿಗೆ ಒಂದಿಷ್ಟು ತಾಕತ್ತು ಉಳಿದಿರಬೇಕು.

ಟನ್ನಿಗಿಂತ ಜನ ಹೆಚ್ಚು ಎಡವುವುದು ಎತ್ತರದಲ್ಲಿ. ಅಂಗಡಿಗೆ ಹೋಗುವ ಮೊದಲು ಹಿಂದಿನ ಒಂದು ಟೈರಿನ ಗಾಳಿ ಪೂರ್ತಿ ಬಿಟ್ಟು, ಆಕ್ಸಲ್ ತಳದಿಂದ ನೆಲಕ್ಕೆ ಟೇಪು ಹಿಡಿದು ಅಳೆದುಕೊಳ್ಳಿ. ಮಡಿಸಿದ ಜಾಕಿ ಅದಕ್ಕಿಂತ ಕನಿಷ್ಠ 2 ಸೆಂಟಿಮೀಟರ್ ಗಿಡ್ಡ ಇರಬೇಕು, ಇಲ್ಲದಿದ್ದರೆ ಪಂಕ್ಚರ್ ಆದ ದಿನವೇ ಅದು ಒಳಗೆ ತೂರುವುದಿಲ್ಲ. ಆಮೇಲೆ ಗಾಳಿ ತುಂಬಿ ಮತ್ತೆ ಅಳೆಯಿರಿ. ಜಾಕಿ ಪೂರ್ತಿ ಮೇಲೇರಿದಾಗ ಆ ಅಳತೆಯನ್ನು ದಾಟಿ ಇನ್ನೂ 4–5 ಸೆಂಟಿಮೀಟರ್ ಹೋಗಬೇಕು. ಚಪ್ಪಟೆ ಟೈರು ಸಲೀಸಾಗಿ ಕೈಗೆ ಬಂದು, ಗಾಳಿ ತುಂಬಿದ ಸ್ಟೆಪ್ನಿ ಒಳಗೆ ಹೋಗದೆ ನಡುರಸ್ತೆಯಲ್ಲಿ ಮಣ್ಣು ಕೆರೆಯುತ್ತಾ ಕೂತವರು ಕಮ್ಮಿಯೇನಿಲ್ಲ. ಗಾಡಿಯ ಬಾಡಿಯ ಕೆಳಗೆ ಜಾಕಿ ಕೊಟ್ಟು ಎತ್ತಿದರೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಇಳಿಬಿದ್ದು ಚಕ್ರ ಜೋತಾಡುತ್ತದೆ, ಇನ್ನೂ ಬಹಳ ಎತ್ತರ ಎತ್ತಬೇಕಾಗುತ್ತದೆ. ಆಕ್ಸಲ್ಲಿಗೇ ಕೊಟ್ಟರೆ ಸ್ವಲ್ಪದರಲ್ಲೇ ಕೆಲಸ ಮುಗಿಯುತ್ತದೆ.

ಅಂಬಾಸಿಡರ್ ತಯಾರಿಕೆ ನಿಂತಿದ್ದೇ 2014ರಲ್ಲಿ. ಎಷ್ಟೋ ಗಾಡಿಗಳ ಡಿಕ್ಕಿಯಲ್ಲಿ ಈಗ ಕಂಪನಿಯ ಜಾಕಿಯ ಬದಲು ಇರುವುದು ಯಾವುದೋ ಸಣ್ಣ ಕಾರಿನ, ಕತ್ತರಿಯಂತೆ ಮಡಿಯುವ ಸಿಸರ್ ಜಾಕಿ. ಅದರ ತಲೆಯಲ್ಲಿ ಒಂದು ಸೀಳು ಇರುತ್ತದೆ. ಈಗಿನ ಕಾರುಗಳ ಬಾಗಿಲ ಕೆಳಗಿನ ತಗಡಿನ ಅಂಚು ಕೂರಲೆಂದು ಮಾಡಿದ ಸೀಳು ಅದು, ದುಂಡನೆಯ ಆಕ್ಸಲ್ ಅದರ ಮೇಲೆ ಕೂರದೆ ಉರುಳುತ್ತದೆ. ಡಿಕ್ಕಿಗೆ ತಲೆಯಲ್ಲಿ ತಗ್ಗು ಇರುವ 2 ಟನ್ನಿನ, ಬಾಟಲಿಯಂತೆ ನೆಟ್ಟಗೆ ನಿಲ್ಲುವ ಬಾಟಲ್ ಜಾಕಿ, ಮನೆಗೆ ಚಕ್ರಗಳ ಮೇಲೆ ಉರುಳುವ ಟ್ರಾಲಿ ಜಾಕಿ ಇರಲಿ ಎನ್ನುವುದು ನಮ್ಮ ಅಭಿಪ್ರಾಯ.

ಚಕ್ರಕ್ಕೆ ಅಡ್ಡ ಕೊಡುವ ಬೆಣೆಯ ವಿಚಾರಕ್ಕೆ ಬಂದರೆ, 'ಗೇರಿನಲ್ಲಿದೆ, ಹ್ಯಾಂಡ್ ಬ್ರೇಕ್ ಎಳೆದಿದ್ದೇನೆ' ಎನ್ನುವವರೇ ಹೆಚ್ಚು. ಈ ಗಾಡಿಗಳಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಹಿಂದಿನ ಒಂದು ಚಕ್ರ ಗಾಳಿಯಲ್ಲಿದ್ದರೆ, ಎರಡು ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹಂಚುವ ಡಿಫರೆನ್ಷಿಯಲ್ ಆ ಚಕ್ರವನ್ನು ಸುಮ್ಮನೆ ತಿರುಗಲು ಬಿಡುತ್ತದೆ. ಗೇರಿನಲ್ಲಿದ್ದೂ ಗಾಡಿ ಸರಿಯುತ್ತದೆ. ವಿಲ್ಲಿಸ್ ಜೀಪಿನಲ್ಲಂತೂ ಹ್ಯಾಂಡ್ ಬ್ರೇಕ್ ಇರುವುದೇ ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್ಲುಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದೆ, ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮೇಲೆ. ಹಿಂದಿನ ಒಂದು ಚಕ್ರ ಎತ್ತಿದ ಕ್ಷಣಕ್ಕೆ ಆ ಬ್ರೇಕೂ ಗಾಡಿಯನ್ನು ಹಿಡಿದಿಡುವುದಿಲ್ಲ. ಹಿಂಭಾಗ ಎತ್ತುವುದಾದರೆ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಬೆಣೆ ಕೊಡಿ. ಒಂದೇ ಚಕ್ರ ಬಿಚ್ಚುವುದಾದರೆ ಮೂಲೆಯಿಂದ ಮೂಲೆಗೆ ಎದುರಿರುವ ಚಕ್ರಕ್ಕೆ ತಪ್ಪಿಸಲೇಬೇಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿ, ಒಳಗಿರುವವರನ್ನು ಇಳಿಸಿ, ಬಾಗಿಲು ಮುಚ್ಚಿ, ಆಮೇಲೆ ಜಾಕಿಗೆ ಕೈ ಹಾಕಿ.

ಜಾಕಿ ಎಲ್ಲಿ ಕೊಡಬೇಕು? ಅಂಬಾಸಿಡರ್, ಪದ್ಮಿನಿ ಎರಡಕ್ಕೂ ಹಿಂದೆ ಆಕ್ಸಲ್ ಹೌಸಿಂಗಿನ ಕೆಳಗೆ, ಕಮಾನು ಪಟ್ಟಿಯ ಯು ಬೋಲ್ಟಿಗೆ ಹತ್ತಿರದಲ್ಲಿ. ನಡುವೆ ಡಿಫರೆನ್ಷಿಯಲ್ ಹಿಂಬದಿಯ ತೆಳು ತಗಡಿಗೆ ಕೊಟ್ಟರೆ ಅದು ತಗ್ಗಾಗಿ ಒಳಗಿನ ಕ್ರೌನ್ ಗೇರಿಗೆ ತಾಗುತ್ತದೆ, ಆಯಿಲ್ ಸೋರತೊಡಗುತ್ತದೆ. ಮುಂದೆ ಕ್ರಾಸ್ ಮೆಂಬರಿಗೆ (ಕೆಳಗಿನ ಅಡ್ಡ ತೊಲೆ) ಕೊಡಿ. ಆಯಿಲ್ ಸಂಪಿಗೂ ಸ್ಟೀರಿಂಗ್ ರಾಡಿಗೂ ಬೇಡ. ಬೀಟಲ್ ಕಾರಿನ ಎರಡೂ ಪಕ್ಕ, ಹಿಂದಿನ ಚಕ್ರದ ಮುಂದುಗಡೆ, ಕಂಪನಿಯ ಜಾಕಿ ತೂರಿಸಲು ಸಾಕೆಟ್ ಇದೆ. ಮಣ್ಣು, ನೀರು ತುಂಬಿ ಮೊದಲು ತುಕ್ಕು ಹಿಡಿಯುವುದೂ ಅದಕ್ಕೇ. ಅದರ ಎಂಜಿನ್ ತಳಕ್ಕಂತೂ ಜಾಕಿ ತಾಗಿಸಲೇಬಾರದು, ಅದು ಮೆಗ್ನೀಸಿಯಂ ಮಿಶ್ರಲೋಹ, ಸೀಳುತ್ತದೆ.

ತುಕ್ಕು ನೋಡುವುದಕ್ಕೆ ಕಣ್ಣನ್ನು ನಂಬಬೇಡಿ. ಪುಟ್ಟಿ ಮೆತ್ತಿ, ಮೇಲೆ ಕಪ್ಪು ಕೋಟಿಂಗ್ ಹೊಡೆದರೆ ಕೊಳೆತ ತಗಡೂ ಹೊಸದರಂತೆ ಕಾಣುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಪುಟ್ಟಿ ಮೆತ್ತಿದ್ದು ದಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ತುದಿಯಿಂದ ಒತ್ತಿ ನೋಡಿ, ಒಳಕ್ಕೆ ಇಳಿದರೆ ಅಲ್ಲಿಗೆ ಜಾಕಿ ಕೊಡುವಂತಿಲ್ಲ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿ, ಮಳೆ ಕಂಡ ಗಾಡಿಗಳನ್ನು ಇನ್ನೂ ಎಚ್ಚರದಿಂದ ತಟ್ಟಿ ನೋಡಬೇಕು.

ಟ್ರಾಲಿ ಜಾಕಿ ಇದ್ದವರು ಇನ್ನೊಂದು ಸಂಗತಿ ಗಮನಿಸಬೇಕು. ಅದರ ತೋಳು ನೇರ ಮೇಲೇಳುವುದಿಲ್ಲ, ಕಮಾನಿನಂತೆ ಬಾಗಿ ಏಳುತ್ತದೆ. ಗಾಡಿಗೆ ಬೆಣೆ ಕೊಟ್ಟಿರುವುದರಿಂದ ಜಾಕಿಯೇ ತನ್ನ ಚಕ್ರಗಳ ಮೇಲೆ ಉರುಳಿ ಹೊಂದಿಕೊಳ್ಳಬೇಕು. ಜಲ್ಲಿ ಅಥವಾ ಮಣ್ಣಿನಲ್ಲಿ ಆ ಸಣ್ಣ ಚಕ್ರಗಳು ಹೂತರೆ ಜಾಕಿ ಉರುಳದೆ ಅದರ ತಲೆ ಆಕ್ಸಲ್ಲಿನಿಂದ ಪಕ್ಕಕ್ಕೆ ಸರಿಯುತ್ತದೆ. ಮಟ್ಟಸವಾದ ಕಾಂಕ್ರೀಟ್ ನೆಲದಲ್ಲೇ ಕೆಲಸ ಮಾಡಿ. ದಾರಿಯಲ್ಲಿ ಬಾಟಲ್ ಜಾಕಿ ಬಳಸುವಾಗ ಕೆಳಗೆ ಒಂದಡಿ ಚೌಕದ ದಪ್ಪ ಪ್ಲೈವುಡ್ ಹಾಕಿ. ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಜಾಕಿಯ ಒಂದು ಅಂಚು ಇಳಿದರೂ ಗಾಡಿ ವಾಲುತ್ತದೆ.

ಸ್ಟ್ಯಾಂಡುಗಳನ್ನು ಜೋಡಿಯಾಗಿಯೇ ಕೊಳ್ಳಿ. ಅಡ್ಡ ಪಿನ್ನು ತೂರಿಸುವಂಥದ್ದಾದರೆ ಪಿನ್ನು ಪೂರ್ತಿ ಕೂತಿದೆಯೇ ಎಂದು ಕಣ್ಣಿಗೆ ಕಾಣುತ್ತದೆ, ನಮಗೆ ಅದೇ ಮೆಚ್ಚು. ಗಾಡಿ ಎತ್ತಿ, ಸ್ಟ್ಯಾಂಡ್ ಇಟ್ಟು, ಜಾಕಿಯ ವಾಲ್ವನ್ನು ತುಸುತುಸುವೇ ತಿರುಗಿಸಿ ಇಳಿಸಿ. ಒಮ್ಮೆಲೇ ತಿರುಗಿಸಿದರೆ ಗಾಡಿ ಧೊಪ್ಪನೆ ಬೀಳುತ್ತದೆ. ಭಾರವೆಲ್ಲ ಸ್ಟ್ಯಾಂಡಿನ ಮೇಲೆ ಬಂದ ಮೇಲೆ ಮಡ್‌ಗಾರ್ಡ್ ಹಿಡಿದು ಗಾಡಿಯನ್ನು ಜೋರಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಜಾಕಿಯನ್ನು ತೆಗೆಯದೆ ತಾಗಿಸಿ ಬಿಡಿ, ಬಿಚ್ಚಿದ ಚಕ್ರವನ್ನು ಬಾಡಿಯ ಕೆಳಗೆ ಮಲಗಿಸಿ.

ಜಾಕಿಯ ಆಯಿಲ್ ಕಡಿಮೆಯಾದರೆ ಹೈಡ್ರಾಲಿಕ್ ಜಾಕ್ ಆಯಿಲನ್ನೇ ಹಾಕಬೇಕು, ಅದೂ ರಾಡು ಪೂರ್ತಿ ಇಳಿಸಿ. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದರೆ ರಬ್ಬರ್ ಸೀಲು ಉಬ್ಬಿ ಹಾಳಾಗುತ್ತದೆ. ವರ್ಷಕ್ಕೆರಡು ಸಲ ಗಾಡಿಯನ್ನು ಎತ್ತಿ, ಎತ್ತರಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಹತ್ತು ನಿಮಿಷ ಬಿಡಿ. ಗುರುತಿನಿಂದ ಇಳಿದಿದ್ದರೆ ಸೀಲು ಬದಲಿಸುವವರೆಗೆ ಆ ಜಾಕಿ ಬಳಸಬೇಡಿ.

ಹಳೆಯ ಗಾಡಿ ಕೊಳ್ಳಲು ಹೊರಟವರಿಗೂ ಒಂದು ಮಾತು. ಡಿಕ್ಕಿ ತೆಗೆಸಿ ಜಾಕಿ, ಪಾನಾ, ಸ್ಟೆಪ್ನಿ ನೋಡಿ, ನಿಮ್ಮ ಎದುರಿಗೇ ಒಂದು ಮೂಲೆ ಎತ್ತಿಸಿ. ಗಾಡಿ ಎತ್ತಿರುವಾಗ ಆ ಪಕ್ಕದ ಬಾಗಿಲು ತೆಗೆದು ಮುಚ್ಚಿ ನೋಡಿ. ನೆಲದ ಮೇಲೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಕಂಬಕ್ಕೆ ತಾಗಿದರೆ ಕೆಳಗಿನ ತಗಡು ಬಳುಕುತ್ತಿದೆ ಎಂದೇ ಲೆಕ್ಕ. ಬೆಲೆ ಮಾತಾಡುವ ಮೊದಲು ಟಿಂಕರಿಂಗ್ ಖರ್ಚು ಕೇಳಿಕೊಳ್ಳಿ.

– ಹಳೆಯ ಕಾರುಗಳ ಮೆಕ್ಯಾನಿಕ್‌ಗಳು, ಮೈಸೂರು