ಬಿಲ್ಲಲ್ಲಿ ಹೈ ಒಲೀಕ್, ಡಬ್ಬದಲ್ಲಿ ಮಾಮೂಲಿ ಎಣ್ಣೆ: ವಾಪಸ್ ತಗೊಳ್ಳಿ

ಸಗಟು ಮಾರಾಟ ವಿಭಾಗದವರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಹಾಕುವ ಸಣ್ಣ ಘಟಕ ನಮ್ಮದು. ಗೌರಿ ಹಬ್ಬದ ಆರ್ಡರ್‌ಗೆ ಅಂತ ನಿಮ್ಮಿಂದ 15 ಲೀಟರಿನ ಹತ್ತು ಡಬ್ಬ ಹೈ ಒಲೀಕ್ (ಕಾಯಿಸಿದರೂ ಬೇಗ ಕೆಡದ ಒಲೀಕ್ ಆಮ್ಲ ಜಾಸ್ತಿ ಇರುವ) ಸೂರ್ಯಕಾಂತಿ ಎಣ್ಣೆ ತರಿಸಿದೆವು. ಬಿಲ್ಲಲ್ಲೂ ಹಾಗೇ ಇದೆ, ರೇಟೂ ಅದರದ್ದೇ ಹಾಕಿದ್ದೀರಿ. ಬಂದಿರುವುದು ಮಾತ್ರ ಮನೆಗೆ ಒಗ್ಗರಣೆಗೆ ತರುವ ಮಾಮೂಲಿ ಎಣ್ಣೆ.

ಮೊದಲ ಡಬ್ಬ ಸುರಿದು ಕಾಯಿಸಿದ ದಿನ ಮಧ್ಯಾಹ್ನಕ್ಕೇ ನೊರೆ ಏಳತೊಡಗಿತು. ಸಂಜೆ ಬಾಣಲೆ ತೊಳೆಯಲು ಹೋದರೆ ಅಂಚಿನ ಸುತ್ತ ಕಂದು ಬಣ್ಣದ ಅಂಟು, ಸ್ಟೀಲ್ ನಾರಿನಲ್ಲಿ ತಿಕ್ಕಿದರೂ ಬಿಡುತ್ತಿಲ್ಲ. ಆಮೇಲೆ ಡಬ್ಬದ ಪಕ್ಕದಲ್ಲಿರುವ ಸಣ್ಣ ಅಕ್ಷರದ ಪಟ್ಟಿ ಓದಿದೆ. 100 ಗ್ರಾಂ ಎಣ್ಣೆಯಲ್ಲಿ ಮೊನೊ ಅನ್‌ಸ್ಯಾಚುರೇಟೆಡ್ ಕೊಬ್ಬು 28 ಗ್ರಾಂ, ಪಾಲಿ ಅನ್‌ಸ್ಯಾಚುರೇಟೆಡ್ ಕೊಬ್ಬು 60 ಗ್ರಾಂ. ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಹೈ ಒಲೀಕ್ ಅನ್ನಬೇಕಾದರೆ ಅದರ ಕೊಬ್ಬಿನಾಮ್ಲಗಳಲ್ಲಿ ಒಲೀಕ್ ಒಂದೇ ಕನಿಷ್ಠ 75% ಇರಬೇಕು. ಒಲೀಕ್ ಸೇರುವುದು ಈ ಮೊನೊ ಲೆಕ್ಕಕ್ಕೇ. ಅಂದರೆ ನಿಮ್ಮ ಡಬ್ಬದ ಮೇಲೆ ನೀವೇ ಅಚ್ಚು ಹಾಕಿದ ಲೆಕ್ಕ ನಿಮ್ಮ ಬಿಲ್ಲನ್ನು ಸುಳ್ಳು ಮಾಡುತ್ತಿದೆ, ಅಲ್ವಾ?

ಫೋನ್ ಮಾಡಿದರೆ ನಿಮ್ಮ ಸೇಲ್ಸ್‌ನವರು, "ಸನ್‌ಫ್ಲವರ್ ಎಲ್ಲಾ ಒಂದೇ ಸಾರ್, ಇದು ಡಬಲ್ ರಿಫೈನ್ಡ್, ಎಷ್ಟು ಕಾಯಿಸಿದರೂ ಏನೂ ಆಗಲ್ಲ" ಅಂದರು. ಎಣ್ಣೆ ಮಾರುವವರ ಬಾಯಲ್ಲಿ ಈ ಮಾತು! ರಿಫೈನ್ ಮಾಡಿದರೆ ಬಣ್ಣ, ವಾಸನೆ, ಮೇಣ ಹೋಗುತ್ತದೆಯೇ ಹೊರತು ಲಿನೋಲೀಕ್ (ಪಾಲಿ ಲೆಕ್ಕಕ್ಕೆ ಸೇರುವ ಆಮ್ಲ) ಹೋಗಿ ಒಲೀಕ್ ಆಗುವುದಿಲ್ಲ, ಅದು ಬೀಜದ ತಳಿಯಲ್ಲೇ ಬರಬೇಕು. ಲಿನೋಲೀಕ್ ಜಾಸ್ತಿ ಇರುವ ಎಣ್ಣೆ ಮನೆ ಅಡುಗೆಗೆ ಚೆನ್ನಾಗಿಯೇ ಇದೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ದಿನವಿಡೀ ಕಾಯುವ ಬಾಣಲೆಯಲ್ಲಿ ಅದು ಗಾಳಿ ತಾಗಿ ಬೇಗ ಕೆಡುತ್ತದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ (ಎಣ್ಣೆ ಕೆಟ್ಟಂತೆ ಹುಟ್ಟುವ ವಸ್ತುಗಳು) 25% ದಾಟಿದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಂತೆ ಮತ್ತೆ ಬಳಸುವ ಹಾಗಿಲ್ಲ, ಚೆಲ್ಲಲೇಬೇಕು, ಆ ನಷ್ಟ ನಮ್ಮ ತಲೆಗೇ. ಅದು ಸಾಲದು ಅಂತ ಈಗ ಅಂಗಡಿಯವರು ಚಕ್ಕುಲಿ ಪ್ಯಾಕೆಟ್ ವಾಪಸ್ ಕಳಿಸುತ್ತಿದ್ದಾರೆ. ಬಿಚ್ಚಿದ ಕೂಡಲೇ ಕಮಟು ವಾಸನೆ. ಜಾಸ್ತಿ ದಿನ ತಡೆಯಲಿ ಅಂತ ತಾನೇ ನಾವು ಹೆಚ್ಚಿನ ದುಡ್ಡು ಕೊಟ್ಟಿದ್ದು?

ಸೀಲ್ ಒಡೆಯದ ಏಳು ಡಬ್ಬ ಗೋಡೌನಿನಲ್ಲಿವೆ. ನಿಮ್ಮ ಖರ್ಚಲ್ಲೇ ಗಾಡಿ ಕಳಿಸಿ ಒಯ್ದು ಅವುಗಳ ಪೂರ್ತಿ ಹಣ ಕೊಡಿ. ಬಳಸಿದ ಮೂರು ಡಬ್ಬಕ್ಕೆ ಎರಡು ಎಣ್ಣೆಗಳ ರೇಟಿನ ವ್ಯತ್ಯಾಸ, ಜೊತೆಗೆ ವಾಪಸ್ ಬಂದ ಮಾಲಿನ ಬೆಲೆ ಕೊಡಬೇಕು. ಬದಲಿ ಎಣ್ಣೆ ಕಳಿಸುತ್ತೇವೆ ಅನ್ನುವುದಾದರೆ ಆ ಬ್ಯಾಚಿನ ಕೊಬ್ಬಿನಾಮ್ಲದ ಲ್ಯಾಬ್ ರಿಪೋರ್ಟ್ ಮೊದಲು ಬರಲಿ, ಬರೀ ಬಾಯಿ ಮಾತು ಬೇಡ.

ಬಿಲ್ಲು, ಡಬ್ಬದ ಲೇಬಲ್, ಬ್ಯಾಚ್ ನಂಬರ್, ಬಾಣಲೆ, ಎಲ್ಲದರ ಫೋಟೋ ಲಗತ್ತಿಸಿದ್ದೇನೆ. ಒಂದು ವಾರದಲ್ಲಿ ಉತ್ತರ ಬರದಿದ್ದರೆ ಇದೇ ಫೋಟೋಗಳು ಎಫ್‌ಎಸ್‌ಎಸ್‌ಎಐನ ದೂರು ವ್ಯವಸ್ಥೆಯಾದ ಫುಡ್ ಸೇಫ್ಟಿ ಕನೆಕ್ಟ್‌ಗೆ ಹೋಗುತ್ತವೆ.

ಇಂತಿ,
ಘಟಕದ ಮಾಲೀಕರು, ದಾವಣಗೆರೆ